ಬೆಕ್ಕು ದಾಟಿದ ಜಾಗ

ಇರಕಲ್ಲಗಡದಲ್ಲಿ ನನ್ನ ಅಂಗಡಿ ಎದುರು ಒಬ್ಬ ಆಟೋದವನು ನಿಲ್ಲುತ್ತಿದ್ದ. ಯಾವ ಆಟೋ ಹತ್ತಿದರೂ ಬಾಡಿಗೆ ಮೊದಲೇ ಮಾತಾಡಿಕೊಳ್ಳಿ ಎಂಬುದು ನನ್ನ ಸಲಹೆ. ಇವನದಾದರೆ ಹೊತ್ತನ್ನೂ ಸ್ವಲ್ಪ ಹೆಚ್ಚಿಗೆ ಹಿಡಿಯಬೇಕಿತ್ತು. ಬೆಕ್ಕು ಅಡ್ಡ ಹೋದರೆ ಸಾಕು, ಆಟೋ ನಿಲ್ಲಿಸಿ, ಕೊರಳ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಮುಂದ ಒಂದ್ ಗಾಡಿ ಹೋಗ್ಲಿ ತಡೀರಿ" ಅನ್ನುತ್ತಿದ್ದ.

"ಅಂದ್ರ ನಿನ್ನ ಅಪಶಕುನ ಮುಂದ ಹೋಗಾವ್ನ ತಲಿಗೆ ಕಟ್ತಿ ಏನು?" ಎಂದು ಕಾಡಿಸುತ್ತಿದ್ದೆ. ನಗುತ್ತಿದ್ದ, ಆಟೋ ಮಾತ್ರ ಬಿಡುತ್ತಿರಲಿಲ್ಲ.

ಮಗಳಿಗೆ ಹೆರಿಗೆ ನೋವು ಬಂದ ಮಧ್ಯಾಹ್ನ ಅವನ ಆಟೋದಲ್ಲೇ ಕೊಪ್ಪಳದ ಆಸ್ಪತ್ರೆಗೆ ಹೊರಟೆವು. ಅರ್ಧ ದಾರಿಯಲ್ಲಿ ಬೆಕ್ಕು ಅಡ್ಡ ಬಂತು. ಬಿಸಿಲಿಗೆ ರಸ್ತೆ ಖಾಲಿ. ಮಗಳು ನರಳುತ್ತಿದ್ದಳು. ಶಕುನ ನಂಬದ ನನ್ನ ಬಾಯಿಂದಲೇ, "ತಡಿಯೋ, ಒಂದ್ ಗಾಡಿ ಹೋಗ್ಲಿ" ಎಂದು ಬಂದುಬಿಟ್ಟಿತು.

"ಗಾಡಿ ಎಲ್ಲೈತ್ರಿ ಸಾವ್ಕಾರ್ರ?" ಎಂದವನೇ ಇಳಿದು ಓಡಿದ. ಬೆಕ್ಕು ದಾಟಿದ ಜಾಗವನ್ನು ತಾನೇ ದಾಟಿ, ವಾಪಸು ಬಂದು ಕೂತ. "ಈಗ ಒಬ್ರು ದಾಟಿದಂಗಾತು. ಆಗೂದಿದ್ರ ನನಗ ಆಗ್ಲಿ."

ಮೊಮ್ಮಗಳು ಸುಖವಾಗಿ ಹುಟ್ಟಿದಳು. ಕೊಡುವುದು ತಗೊಳ್ಳುವುದು ನನಗೆ ಚೆನ್ನಾಗಿ ಗೊತ್ತು. ಇದನ್ನು ಹೇಗೆ ತೂಗಬೇಕೋ ತಿಳಿಯಲಿಲ್ಲ. ಶಕುನ ಸುಳ್ಳಾದರೆ ಅವನು ನನಗೆ ಕೊಟ್ಟದ್ದೇನೂ ಇಲ್ಲ. ಅದು ನಿಜವಾಗಿದ್ದರೆ?

ಮರುದಿನ ಬೆಳಿಗ್ಗೆ ಅವನ ಆಟೋ ಕಾಣಿಸುವವರೆಗೂ, ಬೋಣಿಗೆಯ ಗಿರಾಕಿಯನ್ನು ಕಾಯಲು ಬಿಟ್ಟು, ಅಂಗಡಿ ಬಾಗಿಲಲ್ಲಿ ರಸ್ತೆ ನೋಡುತ್ತ ನಿಂತಿದ್ದೆ.