ಮಹದೇವು ವೋಲ್ಟೇಜ್ ಇಳಿಸಿದ್ದು

ಮೊದಲ ನೋಟಕ್ಕೆ ತೂಗಿದರೆ ಮಹದೇವು ಹೆಚ್ಚು ಬೆಲೆ ಬರುವ ಮಾಲಲ್ಲ. ಐವತ್ತರ ಆಸುಪಾಸು, ಒಣಕಲು ಮೈ, ವಾರ್ನಿಷ್ ಹತ್ತಿದ ಬೆರಳು, ಒಂದು ಗುಂಡಿ ಇಲ್ಲದ ಅಂಗಿ. ಚೌಕಾಸಿ ಮಾಡಲು ಬರುವುದಿಲ್ಲ, ಅದು ಅಂಗಡಿಯವನಿಗೆ ಲಾಭ. ಹೇಳಿದ್ದನ್ನು ತಕ್ಷಣ ನಂಬುವುದೂ ಇಲ್ಲ, ಅದು ನಷ್ಟ. ಮದ್ದೂರಿನಲ್ಲಿ ಹಳೇ ಕಂಪ್ಯೂಟರ್ ಸಾಮಾನು ಮಾರುವ ಶ್ಯಾಮಣ್ಣ ಗಿರಾಕಿಗಳನ್ನು ಅಳೆಯುವುದೇ ಹೀಗೆ. ಈ ಬರಹವೂ ಅವನದೇ ಆದ್ದರಿಂದ ಅಳತೆ ಹೆಚ್ಚುಕಮ್ಮಿಯಾದರೆ ಹೊಣೆಯೂ ಅವನದೇ.

ಮಳವಳ್ಳಿಯಲ್ಲಿ ಮಹದೇವುಗೆ ಪಂಪ್‌ಸೆಟ್ ಮೋಟಾರು ವೈಂಡಿಂಗ್ ಕೆಲಸ. ಸುಟ್ಟ ಮೋಟಾರು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿಕೊಡುತ್ತಾನೆ. ಬೇರೆಯವರು ಮೋಟಾರು ತಿರುಗಿದ ಕೂಡಲೇ ಗಿರಾಕಿಯನ್ನು ಸಾಗಹಾಕುತ್ತಾರೆ. ಇವನು ಅರ್ಧ ಗಂಟೆ ಓಡಿಸಿ, ಅದರ ಮೈಮೇಲೆ ಹಿಂಗೈ ಇಟ್ಟು, ಜ್ವರದ ಮಗುವಿನ ಪಕ್ಕ ಕೂತ ಹಾಗೆ ಕೂರುತ್ತಾನೆ. ಕಾದು ಸಾಕಾದ ರೈತರು ಬೈಯುತ್ತಾರೆ. ಬೈಯುತ್ತಲೇ ಮುಂದಿನ ಮೋಟಾರನ್ನೂ ಇವನ ಹತ್ತಿರವೇ ತರುತ್ತಾರೆ.

ಮಗಳು ಪ್ರಿಯಾಂಕ ಮದುವೆ ವಿಡಿಯೊ ಎಡಿಟ್ ಮಾಡುವವಳು. ಅವಳ ಕಂಪ್ಯೂಟರಿಗೆ, ಪರದೆಯ ಚಿತ್ರ ಮೂಡಿಸುವ ಹಳೇ ಗ್ರಾಫಿಕ್ಸ್ ಕಾರ್ಡ್ ಮಾರಿದ್ದು ಶ್ಯಾಮಣ್ಣನೇ. ಬಸರಾಳಿನ ಚೌಡಯ್ಯನವರ ಮನೆಯ ಮದುವೆ ಅವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಭಾನುವಾರದ ಬೀಗರೂಟದಲ್ಲಿ ವಿಡಿಯೊ ದೊಡ್ಡ ಪರದೆಯ ಮೇಲೆ ಓಡಬೇಕು. ಓಡದಿದ್ದರೆ ಆ ಸುತ್ತಮುತ್ತ ಇನ್ನೊಬ್ಬರು ಅವಳನ್ನು ಕರೆಯುವುದಿಲ್ಲ. ಬೇಗ ಮುಗಿಯಲೆಂದು ಅವಳು ಕಾರ್ಡಿನ ವೇಗವನ್ನು ಕಂಪನಿ ಇಟ್ಟದ್ದಕ್ಕಿಂತ ಏರಿಸಿದಳು. ಹುಡುಗರು ಓವರ್‌ಕ್ಲಾಕ್ ಎನ್ನುವುದು ಇದನ್ನೇ. ಅರ್ಧ ಗಂಟೆಗೆಲ್ಲ ಪರದೆ ಕಪ್ಪಾಗತೊಡಗಿತು. ಶುಕ್ರವಾರ ಬೆಳಿಗ್ಗೆ ಶ್ಯಾಮಣ್ಣನಿಗೆ ಫೋನು ಮಾಡಿದಳು.

"ವೋಲ್ಟೇಜ್ ಸಾಲ್ತಿಲ್ಲ ಕಣಮ್ಮ. ಪೂರ್ತಿ ಏರಿಸಿಬಿಡು," ಎಂದ ಶ್ಯಾಮಣ್ಣ. ಎಲ್ಲರಿಗೂ ಅವನು ಕೊಡುವ ಸಲಹೆ ಅದೇ. ಕಾರ್ಡು ಸುಟ್ಟು ಬಂದರೆ "ಕರೆಂಟು ದೋಷ" ಎಂಬ ಉತ್ತರವೂ ಸಿದ್ಧವಿರುತ್ತದೆ. ಆ ಉತ್ತರವನ್ನು ನೇರವಾಗಿ ತಲುಪಿಸಲೆಂದೇ ಅವನು ಮಳವಳ್ಳಿ ಬಸ್ಸು ಹತ್ತಿದ.

ಹೋಗಿ ನೋಡಿದರೆ ವೈಂಡಿಂಗ್ ಕೆಲಸದ ಕೋಣೆಯಲ್ಲೇ ಇದ್ದ ಕಂಪ್ಯೂಟರಿನಲ್ಲಿ ಕಾರ್ಡಿನ್ನೂ ಬದುಕಿತ್ತು. ಸಲಹೆ ಮಹದೇವುಗೂ ಸರಿಯೆನಿಸಿತ್ತು. ಲೈನಿನ ಕೊನೆಯ ಹಳ್ಳಿಗಳಲ್ಲಿ ವೋಲ್ಟೇಜ್ ಕುಸಿದಾಗಲೇ ಪಂಪು ಕಾದು ಸುಡುವುದನ್ನು ಅವನು ಮೂವತ್ತು ವರ್ಷದಿಂದ ಕಂಡಿದ್ದ. ಆದರೆ ಪೂರ್ತಿ ಏರಿಸಲು ಕೈ ಬಂದಿರಲಿಲ್ಲ. ಒಂದೇ ಒಂದು ಮೆಟ್ಟಿಲು ಏರಿಸಿ, ಕಾರ್ಡಿನ ಬಿಸಿಗಾಳಿ ಹೊರಬರುವ ಕಡೆ ಹಿಂಗೈ ಹಿಡಿದು ಕೂತಿದ್ದ. ಪರದೆಯ ಮೇಲೆ ಶಾಖ ಎಪ್ಪತ್ತಾರು ಡಿಗ್ರಿಯಿಂದ ಎಂಬತ್ನಾಲ್ಕಕ್ಕೆ ಹೋಗಿತ್ತು.

"ಇದೇನ್ ಶ್ಯಾಮಣ್ಣೋರೆ, ಏರಿಸುದ್ರೆ ಕಾಯ್ತದೆ? ಮೋಟ್ರಾಗಿದ್ರೆ ತಣ್ಣಗಾಗ್ಬೇಕಿತ್ತು."

"ಸಣ್ಣ ಯಂತ್ರ, ರೋಷ ಜಾಸ್ತಿ. ಇನ್ನೂ ಏರಿಸಪ್ಪ, ಸರಿಹೋಗ್ತದೆ."

"ನೀವ್ ಇದ್ನ ಬಿಚ್ಚಿ ನೋಡಿದ್ದೀರಾ?"

"ಮಾರೋನು ಯಾಕಪ್ಪ ಬಿಚ್ತಾನೆ?"

"ಮಾಮ, ಇದೇನಾರ ಸುಟ್ಟೋದ್ರೆ ಬೀಗ್ರೂಟದಾಗೆ ವಿಡಿಯೊ ಬದ್ಲು ನಿಮ್ಮುನ್ನೇ ಸ್ಟೇಜ್ ಮ್ಯಾಲೆ ನಿಲ್ಲುಸ್ತೀನಿ," ಎಂದಳು ಪ್ರಿಯಾಂಕ.

ಮಹದೇವು ನಗಲಿಲ್ಲ. ಬಿಸಿಗಾಳಿಯಿಂದ ಹಿಂಗೈ ತೆಗೆದು, "ಮೋಟ್ರು ಲೆಕ್ಕ ಇದುಕ್ಕೆ ನಡೆಯಾಕಿಲ್ಲ ಕಣವ್ವ. ನಾನು ತಪ್ಪು ತಿಳ್ಕಂಡಿದ್ದೆ. ಮೊದ್ಲು ನೀನು ಏರಿಸಿರೋ ವೇಗದಾಗೆ ಅರ್ಧ ಇಳ್ಸು. ವೋಲ್ಟೇಜ್ನೂ ಇಳ್ಸಾನ, ಒಂದೊಂದೇ ಮೆಟ್ಲು," ಎಂದ. ಮೂವತ್ತು ವರ್ಷದ ಅನುಭವವನ್ನು ಒಂದು ನಿಮಿಷದಲ್ಲಿ ಕೆಳಗಿಟ್ಟ ಮನುಷ್ಯನನ್ನು ಶ್ಯಾಮಣ್ಣ ತನ್ನ ಬೀದಿಯಲ್ಲಿ ಈವರೆಗೆ ಕಂಡಿರಲಿಲ್ಲ.

ಒಂದೊಂದು ಮೆಟ್ಟಿಲಿಗೂ ಅರ್ಧ ಗಂಟೆ ಓಟ. ತಂತಿಯ ಸುತ್ತಿನ ಲೆಕ್ಕ ಬರೆದಿಡುವ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ವೋಲ್ಟೇಜು, ಪಕ್ಕದಲ್ಲಿ ಶಾಖ. ಶ್ಯಾಮಣ್ಣ ಮೂರು ಲೋಟ ಕಾಫಿ ಕುಡಿದ, ಎರಡು ಬಸ್ಸು ಬಿಟ್ಟ. ಐದನೇ ಮೆಟ್ಟಿಲಿನಲ್ಲಿ ಪರದೆಯ ತುಂಬ ಬಣ್ಣದ ಚೌಕಗಳು ಎದ್ದವು.

"ಸಾಕು, ವೋಲ್ಟೇಜ್ ಸಾಲ್ದೆ ಇದುಕ್ಕೆ ಹಸಿವಾಗೈತೆ," ಎಂದ ಮಹದೇವು. "ಒಂದ್ ಮೆಟ್ಲು ವಾಪಸ್ ಏರ್ಸು. ಅಲ್ಲೇ ನಿಲ್ಲುಸ್ಬುಡು."

ಶಾಖ ಅರವತ್ತೆಂಟಕ್ಕೆ ನಿಂತಿತು. ಎರಡು ಗಂಟೆ ಹೊತ್ತು ಓಡಿದರೂ ಪರದೆ ಕಪ್ಪಾಗಲಿಲ್ಲ. ಮೊದಲು ಕಾದ ಹಾಗೆಲ್ಲ ಕಾರ್ಡು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತಿತ್ತು, ಕೊನೆಗೆ ಪರದೆಯನ್ನೇ ಕಪ್ಪಾಗಿಸುತ್ತಿತ್ತು. ಈಗ ತಣ್ಣಗಿದ್ದು ಒಂದೇ ಸಮ ಓಡಿತು. ಕಡಿಮೆ ವೇಗ ಇಟ್ಟರೂ ಕೆಲಸ ಬೇಗ ಮುಗಿಯಿತು. ಶ್ಯಾಮಣ್ಣ ಹೊತ್ತು ತಂದ ಉತ್ತರ ಖರ್ಚಾಗದೆ ಉಳಿಯಿತು.

ಭಾನುವಾರ ಬಸರಾಳಿನಲ್ಲಿ ವಿಡಿಯೊ ಓಡಿತು. ಊಟದ ಸಾಲಿನಲ್ಲೇ ಇಬ್ಬರು ಪ್ರಿಯಾಂಕಳ ನಂಬರು ಕೇಳಿ ಬರೆದುಕೊಂಡರು.

ಈಗ ಮದ್ದೂರಿನ ಅಂಗಡಿಯಲ್ಲಿ ಶ್ಯಾಮಣ್ಣನ ಸಲಹೆ ಬದಲಾಗಿದೆ. ಸ್ವಲ್ಪ ಸ್ವಲ್ಪ ಬದಲಿಸು, ಶಾಖ ನೋಡು, ಹೊತ್ತು ಕೊಟ್ಟು ಓಡಿಸು, ತಡವರಿಸಿದರೆ ಹಿಂದೆ ಬಾ ಎನ್ನುತ್ತಾನೆ. ಗಿರಾಕಿಗಳು ಅವನನ್ನು ಬುದ್ಧಿವಂತ ಎನ್ನುತ್ತಾರೆ, ಅವನು ಬೇಡವೆನ್ನುವುದಿಲ್ಲ. ಅದನ್ನು ಕಲಿಸಿದವನು ಮಹದೇವು ಎಂದು ಅವರ ಮುಂದೆ ಬಾಯಿಬಿಟ್ಟು ಹೇಳುವುದನ್ನು ಶ್ಯಾಮಣ್ಣ ಇನ್ನೂ ಬಾಕಿ ಉಳಿಸಿಕೊಂಡಿದ್ದಾನೆ.