ಖಾಲಿ ಬಿಡದ ಹನ್ನೆರಡು ವರ್ಷ

ಹಚಿನೊಹೆ ಬಂದರಿನ ಮೀನಿನ ಶೆಡ್ಡಿನಲ್ಲಿ ಇನ್ನೂ ದೀಪ ಆರಿಸಿಲ್ಲ. ಮೊಣಕೈವರೆಗೆ ರಬ್ಬರ್ ಗವಸು ತೊಟ್ಟ ಚಿಗುಸಾ, ಮಸಿ ಉಗುಳುವ ಬೊಂಡಾಸ ಮೀನಿನೊಳಗೆ ಎರಡು ಬೆರಳು ಹಾಕಿ, ಒಂದೇ ಎಳೆತಕ್ಕೆ ಕರುಳು, ಮಸಿಚೀಲ ಎರಡನ್ನೂ ಹೊರಗೆ ತರುತ್ತಾರೆ. ಮಸಿ ಸಿಡಿಯುವುದಿಲ್ಲ. ಪಕ್ಕದಲ್ಲಿ ಪೆಟ್ಟಿಗೆಗೆ ಐಸು ತುಂಬುವ ತೊಮಿ ಅಜ್ಜಿಗೆ ದಿನಾ ಅದೇ ಸೋಜಿಗ.

"ನರ್ಸಮ್ಮಾ, ಮೀನಿಗೂ ನೋವಾಗಬಾರದೇನೇ?"

"ಸತ್ತಿದೆ ಬಿಡಜ್ಜಿ. ಅದೇನು ದೂರು ಕೊಡುತ್ತಾ?"

ಬೆಳಗಿನ ಕೆಲಸದಲ್ಲಿ ಆ ಕೈ ನಿಲ್ಲುವುದು ಒಮ್ಮೆ ಮಾತ್ರ. ಗುಡ್ಡದ ಮೇಲಿನ ಆಸ್ಪತ್ರೆಗೆ ಹೋಗುವ ಕೆನೆಬಣ್ಣದ ಪುಟ್ಟ ಕಾರು ಶೆಡ್ಡಿನ ಬಾಗಿಲೆದುರು ಹಾದುಹೋಗುವಾಗ. ಕಾರಿನಲ್ಲಿರುವವರು ನಾದಿನಿ ರಿತ್ಸುಕೊ.

"ನೋಡಬಾರದು ಅಂತಲೇ ಇರ್ತೀನಿ, ಕಣ್ಣು ಕೇಳಲ್ಲ. ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರು ಯಾಕೆ ಇಡ್ಲಿ?" ಎನ್ನುತ್ತಾರೆ ಚಿಗುಸಾ.

ಇಬ್ಬರೂ ಒಂದೇ ತರಗತಿಯಲ್ಲಿ ನರ್ಸಿಂಗ್ ಕಲಿತವರು. ಗೆಳತಿಯನ್ನು ಅಣ್ಣನಿಗೆ ಹೆಂಡತಿಯಾಗಿ ಮನೆಗೆ ಕರೆತಂದದ್ದೂ ರಿತ್ಸುಕೊ ಅವರೇ. ಇಬ್ಬರಿಗೂ ಗುಡ್ಡದ ಆಸ್ಪತ್ರೆಯಲ್ಲೇ ಕೆಲಸವಿತ್ತು. ಆಮೇಲೆ ರಿತ್ಸುಕೊ ಅವರ ತಾಯಿಗೆ ಪಾರ್ಶ್ವವಾಯು ಬಡಿಯಿತು. ಒಬ್ಬರು ಕೆಲಸ ಬಿಡಬೇಕಾಯಿತು.

"ಯಾರು ಬಿಡ್ತೀರಿ ಅಂತ ಯಾರೂ ಕೇಳಲೇ ಇಲ್ಲ. ಸೊಸೆ ಅಲ್ವಾ ನಾನು."

ಹನ್ನೆರಡು ವರ್ಷ ಗಂಜಿ ಕುಡಿಸಿದರು, ಕಫ ತೆಗೆದರು, ರಾತ್ರಿಯೆಲ್ಲ ಎದ್ದೆದ್ದು ಮಗ್ಗುಲು ಬದಲಿಸಿದರು. ನೋಡಲು ಬಂದ ನೆರೆಯವರಿಗೆ ಅತ್ತೆ ಸೊಟ್ಟಗಾದ ಬಾಯಲ್ಲೇ ಹೆಮ್ಮೆಯಿಂದ ಹೇಳುತ್ತಿದ್ದದ್ದು ಒಂದೇ ಮಾತು: "ನನ್ನ ಮಗಳು ನರ್ಸು."

"ಗಂಟಲಿಗೆ ಕೈ ಹಾಕಿ ಕೂತಿರೋಳು ನಾನು. ನರ್ಸು ಮಾತ್ರ ರಿತ್ಸುಕೊ!"

ಭಾನುವಾರಗಳಲ್ಲಿ ರಿತ್ಸುಕೊ ಸ್ಟ್ರಾಬೆರಿ ಹಿಡಿದು ಬರುತ್ತಿದ್ದರು. ಅತ್ತೆಯ ರಾತ್ರಿ ಹೇಗಿತ್ತೆಂದು ಹೇಳಲು ಚಿಗುಸಾ ಬಾಯಿ ತೆರೆದರೆ ಸಾಕು, "ವಾರವೆಲ್ಲ ವಾರ್ಡಲ್ಲಿ ಇದನ್ನೇ ಕೇಳಿರ್ತೀನಿ ಕಣೇ, ಇಲ್ಲಾದ್ರೂ ಬಿಡು" ಎನ್ನುತ್ತಿದ್ದರು.

ಹೋದ ಶರತ್ಕಾಲದಲ್ಲಿ ಅತ್ತೆ ತೀರಿಕೊಂಡರು. ಚಿಗುಸಾ ಮೀನಿನ ಶೆಡ್ಡು ಸೇರಿದರು. ಈಗ ಗುಡ್ಡದ ಆಸ್ಪತ್ರೆಗೆ ನರ್ಸ್ ಬೇಕಾಗಿದೆ. ಬಯೋಡೇಟಾ ಕೈಬರಹದಲ್ಲೇ ಇರಬೇಕು, ಒಂದು ಗೆರೆ ತಪ್ಪಿದರೂ ಹೊಸ ಹಾಳೆ. ಮೂರನೇ ಮಹಡಿಯ ವಾರ್ಡಿನ ಮುಖ್ಯಸ್ಥೆಯಾಗಿರುವ ರಿತ್ಸುಕೊ ತಾವಾಗಿಯೇ ಹೇಳಿಕೊಡಲು ಬಂದರು.

"ಮನೆಯ ಕಾರಣದಿಂದ ಕೆಲಸ ಬಿಟ್ಟೆ ಅಂತ ಬರಿ. ಎಲ್ರೂ ಹಾಗೇ ಬರೆಯೋದು."

"ಆಮೇಲಿನ ಹನ್ನೆರಡು ವರ್ಷ?"

"ಖಾಲಿ ಬಿಡು."

"ಖಾಲಿ ಇರ್ಲಿಲ್ವಲ್ಲ."

"ಅತ್ತೇನ ನೋಡ್ಕೊಂಡಿದ್ದು ನೌಕರಿ ಅಲ್ಲ ಚಿಗುಸಾ. ಓದಿದವರು ನಗ್ತಾರೆ."

"ನಗ್ತಾರೆ ಅಂತ ಭಯಾನೋ, ಆ ಅತ್ತೆ ಯಾರ ತಾಯಿ ಅಂತ ಕೇಳ್ತಾರೆ ಅಂತ ಭಯಾನೋ?"

ರಿತ್ಸುಕೊ ಚಹಾ ಕುಡಿಯದೆ ಎದ್ದುಹೋದರು.

ಮೊದಲ ಹಾಳೆಯಲ್ಲಿ ಬರೀ ಸಿಟ್ಟಿತ್ತು, ನಾದಿನಿಯ ಹೆಸರೂ ಇತ್ತು. ಚಿಗುಸಾ ಅದನ್ನು ಹರಿದುಹಾಕಿದರು. ಎರಡನೆಯದರಲ್ಲಿ ತಾಳ್ಮೆ, ಪ್ರಾಮಾಣಿಕತೆ ಎಂಬ ಮಾತುಗಳಿದ್ದವು. ಅವು ಯಾರಿಗೂ ಹೊಂದುತ್ತವೆ ಎನ್ನಿಸಿ ಅದೂ ಹೋಯಿತು. ಕೊನೆಗೆ ಆಸ್ಪತ್ರೆಯ ನೌಕರಿಯ ಸಾಲಿನ ಕೆಳಗೆ ತಮ್ಮ ಕೈ ಮಾಡಿದ ಕೆಲಸವನ್ನಷ್ಟೇ ಬರೆದರು: ಮನೆಯಲ್ಲಿ ಪಾರ್ಶ್ವವಾಯು ರೋಗಿಯೊಬ್ಬರ ಶುಶ್ರೂಷೆ, ಹನ್ನೆರಡು ವರ್ಷ. ಕಫ ತೆಗೆಯುವುದು, ನುಂಗುವುದನ್ನು ಮತ್ತೆ ಕಲಿಸುವುದು. ಬೆನ್ನಿನಲ್ಲಿ ಒಂದು ಹುಣ್ಣೂ ಆಗಲಿಲ್ಲ. ಹೊಸ ಯಂತ್ರಗಳು ತಿಳಿಯವು, ಕಲಿಯುತ್ತೇನೆ.

ಹಾಳೆಯ ತುದಿಯಲ್ಲಿ 'ನಿಮ್ಮ ಬಯಕೆ' ಎಂಬ ಜಾಗವಿರುತ್ತದೆ. ಅಲ್ಲಿ ಯಾರೂ ಬಯಕೆ ಬರೆಯುವುದಿಲ್ಲ, 'ಆಸ್ಪತ್ರೆಯ ನಿಯಮದಂತೆ' ಎಂದು ಬರೆದು ತಲೆಬಾಗುವುದು ವಾಡಿಕೆ. ಚಿಗುಸಾ ಬರೆದದ್ದು ಬೇರೆ: ಮೂರನೇ ಮಹಡಿಯ ವಾರ್ಡು.

ಹಾಳೆ ಅಂಚೆಗೆ ಬಿದ್ದು ವಾರವಾಗಿದೆ. ಕರೆ ಬಂದಿಲ್ಲ.

"ಇಲ್ಲೇ ಇರೇ, ಬೊಂಡಾಸ ಬಯೋಡೇಟಾ ಕೇಳಲ್ಲ," ಎಂದು ತೊಮಿ ಅಜ್ಜಿ ಛೇಡಿಸುತ್ತಾರೆ. "ಅಲ್ಲ, ಹೋಗಿ ಹೋಗಿ ಅವಳ ವಾರ್ಡೇ ಬೇಕಾ ನಿನಗೆ?"

ಚಿಗುಸಾ ಗವಸು ಕಳಚಿ ಗುಡ್ಡದತ್ತ ನೋಡುತ್ತಾರೆ.

"ಪಾಳಿ ಬದಲಾಗೋವಾಗ, ಹೊರಡೋ ನರ್ಸು ಬಂದ ನರ್ಸಿನ ಎದುರು ನಿಂತು ಒಬ್ಬೊಬ್ಬ ರೋಗಿ ಹೇಗಿದ್ರು ಅಂತ ಹೇಳಿ ಹೋಗಬೇಕಜ್ಜಿ. ರಿತ್ಸುಕೊ ಹೊರಡೋ ಹೊತ್ತಿಗೆ ನಾನು ಒಳಗೆ ಹೋಗಬೇಕು. ಅವಳು ಹೇಳಲಿ. ಅವಳ ಹಾಗೆ ಬಿಡು ಅನ್ನಲ್ಲ ನಾನು. ಪೂರ್ತಿ ಕೇಳ್ತೀನಿ."