ಈ ವಾರಾನೂ ಆಗಲಿಲ್ಲರಿ

ಕಳೆದ ವರ್ಷದ ಈಸ್ಟರ್ ಭಾನುವಾರ ಬೆಳಗಿನ ಆರಾಧನೆಯಲ್ಲಿ, ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವ ಹೊತ್ತಿಗೆ, ನಿವೃತ್ತ ನರ್ಸ್ ಸುಶೀಲಾಬಾಯಿ ಎದ್ದು ನಿಂತರು. ಸೆರಗು ಸರಿಮಾಡಿಕೊಂಡು, “ಈ ವಾರಾನೂ ಆಗಲಿಲ್ಲರಿ” ಎಂದು ಹೇಳಿ ಕುಳಿತರು. ಸಿಂದಗಿಯ ನಮ್ಮ ಸಣ್ಣ ಸಭೆಯಲ್ಲಿ ಯಾರೂ ತಿರುಗಿ ನೋಡಲಿಲ್ಲ. ಹಿಂದಿನ ವಾರವೂ ಅವರು ಅದನ್ನೇ ಹೇಳಿದ್ದರು. ಅದರ ಹಿಂದಿನ ವಾರವೂ.

ಉಳಿದವರ ಸಾಕ್ಷಿಗಳು ಬೇರೆ. ಮಗನಿಗೆ ನೌಕರಿ ಸಿಕ್ಕಿತು, ಜ್ವರ ಬಿಟ್ಟಿತು, ಬೋರಿಗೆ ನೀರು ಬಿತ್ತು. ಆಗದೇ ಇದ್ದದ್ದನ್ನು ದೇವರ ಮುಂದೆ ವರದಿ ಮಾಡುತ್ತಿದ್ದವರು ಅವರೊಬ್ಬರೇ. ಆಗದಿದ್ದದ್ದು ಏನೆಂದು ಎಲ್ಲರಿಗೂ ಗೊತ್ತಿತ್ತು. ಕೆಲವು ವರ್ಷಗಳ ಹಿಂದೆ ಇಂಡಿ ರಸ್ತೆಯಲ್ಲಿ ಒಂದು ಸಂಜೆ ಅವರ ಒಬ್ಬನೇ ಮಗ ಸ್ಯಾಮುವೇಲನ ಬೈಕಿಗೆ ಎದುರಿನಿಂದ ಬಂದ ಟೆಂಪೊ ಗುದ್ದಿತು. ಹುಡುಗ ಅಲ್ಲೇ ಹೋದ. ಚಾಲಕ ಹಣಮಂತ ಮುದ್ದೇಬಿಹಾಳದವನು. ಕಣ್ಣು ಹತ್ತಿತ್ತು ಎಂದು ಕೋರ್ಟಿನಲ್ಲಿ ಒಪ್ಪಿಕೊಂಡ, ಶಿಕ್ಷೆ ಮುಗಿಸಿ ಮನೆಗೆ ಹೋದ. ಪತ್ರಿಕೆಗೆ ಆ ಸುದ್ದಿ ಕಳಿಸಿದವನು ನಾನು. ಹಣಮಂತನನ್ನು ಕ್ಷಮಿಸುವುದು, ಅದೊಂದೇ ಬಾಯಾರಿಗೆ ಆಗುತ್ತಿರಲಿಲ್ಲ.

ನಮ್ಮ ಕಡೆ ನರ್ಸುಗಳನ್ನು ಬಾಯಾರು ಎನ್ನುತ್ತೇವೆ. ಸುಶೀಲಾಬಾಯಿ ಇಂಡಿಯಲ್ಲೂ ಸಿಂದಗಿಯಲ್ಲೂ ಹೆರಿಗೆ ವಾರ್ಡಿನಲ್ಲಿದ್ದವರು. ಗಿಡ್ಡ ಆಳು, ಬೆಳ್ಳಗಿನ ಕೂದಲ ಗಂಟು, ದೊಡ್ಡ ಗಂಟಲು. ಬಜಾರಿನಲ್ಲಿ ಮೀಸೆ ಬಂದ ಗಂಡಸರನ್ನು ನಿಲ್ಲಿಸಿ, “ಏ, ನೀ ಉಲ್ಟಾ ಹುಟ್ಟಿದಾವ ಅಲ್ಲೇನ? ಈಗರ ನೆಟ್ಟಗ ನಡ್ಯಾಕತ್ತೀಯಿಲ್ಲೋ?” ಎಂದು ಕೇಳುತ್ತಿದ್ದರು. ನನ್ನನ್ನು ಕರೆಯುತ್ತಿದ್ದದ್ದು ಪೇಪರ್ ತಮ್ಮಾ ಎಂದು.

ಸಭೆ ಕೂಡಿ ಕರ್ತನ ಪ್ರಾರ್ಥನೆ ಹೇಳುವಾಗ ಅವರ ದನಿ ಎಲ್ಲರಿಗಿಂತ ಮುಂದಿರುತ್ತಿತ್ತು. ತಪ್ಪು ಮಾಡಿದವರನ್ನು ಕ್ಷಮಿಸುವ ಮಾತು ಬಂದಾಗ ಆ ದನಿ ನಿಲ್ಲುತ್ತಿತ್ತು. ಉಳಿದವರು ಆ ಸಾಲು ದಾಟಿದ ಮೇಲೆ ಮತ್ತೆ ಸೇರಿಕೊಳ್ಳುತ್ತಿತ್ತು. ನಡುವಿನ ಆ ಖಾಲಿ ಜಾಗದಲ್ಲಿ ಕಿಟಕಿಯ ಹೊರಗಿನ ಬೇವಿನ ಎಲೆಗಳ ಸದ್ದು ಕೇಳುತ್ತಿತ್ತು. ನನಗೆ ಈಗಲೂ ಆರಾಧನೆ ಎಂದರೆ ಮೊದಲು ಆ ಸದ್ದೇ ನೆನಪಾಗುತ್ತದೆ.

ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಿರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಆ ರಸ ಮಾಡುತ್ತಿದ್ದವರೂ ಅವರೇ. ಚಡಚಣದ ಒಣದ್ರಾಕ್ಷಿ ತರಿಸಿ, ನೆನೆಸಿ, ಸಣ್ಣ ಉರಿಯಲ್ಲಿ ಕುದಿಸಿ, ಹಳೆಯ ಧೋತರದ ಬಟ್ಟೆಯಲ್ಲಿ ಸೋಸುತ್ತಿದ್ದರು. ಶನಿವಾರ ಅವರ ಓಣಿಗೆ ಹೋದರೆ ಗಾಳಿಯೇ ಸಿಹಿಯಾಗಿರುತ್ತಿತ್ತು. ಮರುದಿನ ಎಲ್ಲರೂ ಮೇಜಿನ ಬಳಿಗೆ ಹೋಗಿ ಮೊಣಕಾಲೂರಿದಾಗ ಬಾಯಾರು ಮಾತ್ರ ಹಿಂದಿನ ಬೆಂಚಿನಲ್ಲೇ ಕುಳಿತಿರುತ್ತಿದ್ದರು. ಒಬ್ಬರ ಮೇಲೆ ಸಿಟ್ಟಿಟ್ಟುಕೊಂಡು ಆ ಮೇಜಿಗೆ ಹೋಗಬಾರದು ಎಂಬುದು ನಮ್ಮ ಹಿರಿಯರ ರೂಢಿ. ಅಯ್ಯನವರು, ಅಂದರೆ ನಮ್ಮ ಪಾಸ್ಟರು, ಬನ್ನಿ ಎಂದು ಕರೆದು ಸೋತಿದ್ದರು.

ಒಮ್ಮೆ ಬೆಂಗಳೂರಿನಿಂದ ಒಬ್ಬ ಪ್ರಸಂಗಿ ಉಪದೇಶ ಮಾಡಲು ಬಂದಿದ್ದರು. ಬಾಯಾರ ಸಾಕ್ಷಿ ಕೇಳಿ ಅವರು ಪೀಠದಿಂದ ಇಳಿದೇ ಬಂದರು. “ಅಮ್ಮಾ, ಬಾಯಿಂದ ಒಂದ್ಸಲ ಕ್ಷಮಿಸಿದ್ದೀನಿ ಅಂದ್ಬಿಡಿ. ಮನಸ್ಸು ತಾನಾಗೇ ಹಿಂದೆ ಬರುತ್ತೆ” ಎಂದರು.

“ಜ್ವರ ಇಳೀಲಾರದ ಇಳದೈತಿ ಅಂತ ಚಾರ್ಟಿನಾಗ ಬರದ್ರ ಪೇಶಂಟ್ ಉಳಿತಾನೇನ್ರಿ?” ಎಂದರು ಬಾಯಾರು.

ಸಭೆ ನಕ್ಕಿತು. ಪ್ರಸಂಗಿಯೂ ನಕ್ಕು ಪೀಠಕ್ಕೆ ಮರಳಿದರು.

ಆ ದಿನ ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ನಾನು ಕೇಳಿದೆ: “ಆಗೂದಿಲ್ಲಂದ ಮ್ಯಾಲೆ ವಾರಾ ವಾರಾ ಯಾಕ ಎದ್ದ ನಿಂದರ್ತೀರಿ ಬಾಯಾರ?”

“ಆಗೂದಿಲ್ಲ ಅಂತ ಯಾರ ಹೇಳಿದ್ರೋ ನಿನಗ? ಆಗಿಲ್ಲ ಅಂದೇನಿ. ಸತ್ತ ಮನಷಾನ ನಾಡಿ ಯಾರರ ದಿನಾ ಹಿಡದ ನೋಡ್ತಾರೇನ ತಮ್ಮಾ? ಜೀವ ಐತಿ ಅಂತನ ನೋಡ್ತೇನಿ.”

ವಿಶ್ವಾಸದ ಬಗ್ಗೆ ಅದಕ್ಕಿಂತ ಉದ್ದದ ಮಾತನ್ನು ಅವರು ಆಡಿದ್ದು ನಾನು ಕೇಳಿಲ್ಲ.

ಈ ವರ್ಷ ಸಂಕ್ರಾಂತಿಯ ಆಸುಪಾಸಿನಲ್ಲಿ ಅವರು ನನ್ನ ಮನೆಗೆ ಬಂದು, “ಮುದ್ದೇಬಿಹಾಳಕ್ಕ ಹೋಗೂಣ ನಡಿ. ಅವನ ಮಾರಿ ಎದುರಿಗೆ ನಿಂತರ ಆ ಮಾತು ಬಂದೀತು” ಎಂದರು. ಬೆಳಗಿನ ಬಸ್ಸು. ಎರಡೂ ಕಡೆ ಬಿಳಿಜೋಳದ ಕಾಳಿಗೆ ಹಾಲು ತುಂಬಿತ್ತು. ಮಂಜು ಹೊಲದ ಮೇಲೆ ಮಲಗಿತ್ತು, ತೆನೆಗಳಷ್ಟೇ ಅದರ ಮೇಲೆ ತೇಲುವಂತೆ ಕಾಣುತ್ತಿದ್ದವು. ಬಾಗೇವಾಡಿಯಲ್ಲಿ ಬಸ್ಸು ಬದಲಿಸಿದೆವು. ಬಾಯಾರು ಕಿಟಕಿಗೆ ಹಣೆ ಹಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ಹೇಳಬೇಕಾದ ಮಾತನ್ನು ಅಭ್ಯಾಸ ಮಾಡುತ್ತಿದ್ದಾರೆ ಎಂದುಕೊಂಡೆ.

ಹಣಮಂತ ಮನೆಯ ಮುಂದೆ ನಿಂತಿದ್ದ. ಕೋರ್ಟಿನಲ್ಲಿ ನೋಡಿದ್ದಕ್ಕಿಂತ ಇಳಿದುಹೋಗಿದ್ದ. ಬಾಯಾರನ್ನು ಕಂಡವನೇ ತಲೆಯ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದ.

“ಒಳಗ ಬರ್ರಿ ಅನ್ನಾಕ ನನಗ ಬಾಯಿಲ್ರಿ, ಅವ್ವಾರ” ಎಂದ.

ಬಾಯಾರು ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನಿಂದ ಅವನ ಮಗಳು ರೇಣುಕಾ ನೀರಿನ ತಂಬಿಗೆ ತಂದಳು. ಚೊಚ್ಚಲ ಬಸುರಿ, ತಿಂಗಳು ಆರು ತುಂಬಿರಬೇಕು. ಬಂದವರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ತಂಬಿಗೆ ಕೆಳಗಿಡಲು ಬಗ್ಗಿದಳು. ಬಾಯಾರ ಕಣ್ಣು ಅವಳ ಊದಿದ ಪಾದಗಳಿಗೆ ಹೋಯಿತು.

“ಕೂಡ್ರವಾ. ಕಾಲ ಚಾಚು.” ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದರೂ ಕುಳಿ ಹಾಗೇ ನಿಂತಿತು. “ತಲಿ ಬ್ಯಾನಿ ಐತೇನ? ಕಣ್ಣ ಮಂಜ ಆಗ್ತಾವೇನ?”

“ಹೌದ್ರಿ. ಬಸರಾಗ ಎಲ್ಲಾರಿಗೂ ಹಂಗ ಆಗ್ತೈತಿ ಅಂತಾರಲ್ರಿ.”

“ಯಾವಾಕಿ ಅಂದಾಕಿ? ಕರಕೊಂಡ ಬಾ ನನ್ನ ಮುಂದ! ನಿಮ್ಮವ್ವ ಎಲ್ಲದಾಳ?”

“ಅವ್ವ ಹ್ವಾದ ವರ್ಷ ತೀರಿಕೊಂಡ್ಳರಿ.”

ಬಾಯಾರು ಹಣಮಂತನ ಕಡೆ ತಿರುಗಿದರು. “ಏ, ಹಿಂಗ ಕಂಬದಂಗ ಯಾಕ ನಿಂತಿ? ಗಾಡಿ ತರಸು. ಈಗಿಂದೀಗ ದವಾಖಾನಿಗೆ ಹೋಗಬೇಕು. ಬಿ.ಪಿ. ಐತಿ ಈಕಿಗೆ.” ಅವನೊಡನೆ ಅವರು ಆಡಿದ ಮೊದಲ ಮಾತು ಅದು. ಆಸ್ಪತ್ರೆಯಲ್ಲಿ ಡಾಕ್ಟರು ಪರೀಕ್ಷಿಸಿ ಅದನ್ನೇ ಹೇಳಿದರು, ಗುಳಿಗೆ ಬರೆದುಕೊಟ್ಟರು.

ಮರಳುವ ಬಸ್ಸಿನಲ್ಲಿ ಬಾಯಾರು ತಮ್ಮ ಮೇಲೆ ತಾವೇ ಸಿಟ್ಟಾಗಿದ್ದರು. “ಹ್ವಾದ ಕೆಲಸ ಬಿಟ್ಟು ಏನೇನೋ ಮಾಡಿ ಬಂದೆ ನೋಡು. ಹೇಳಲೇ ಇಲ್ಲ.”

ಮುಂದಿನ ಭಾನುವಾರ ಎದ್ದು ನಿಂತರು. “ಈ ವಾರಾನೂ ಆಗಲಿಲ್ಲರಿ. ಮನಿತನಕ ಹೋಗಿದ್ದೆ, ಆದ್ರೂ ಆಗಲಿಲ್ಲ. ಮತ್ತ, ಆ ಹಣಮಂತನ ಮಗಳಿಗೆ ಬಿ.ಪಿ. ಬಾಳ ಐತಿ. ಎಲ್ಲಾರೂ ಪ್ರಾರ್ಥನಾ ಮಾಡ್ರಿ.”

ಅಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. ನಮಗೆಲ್ಲ ಕಂಡದ್ದು ಬಾಯಾರಿಗೆ ಕಂಡಿರಲಿಲ್ಲ. ಅದನ್ನು ಅವರಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅಂದೂ ಅವರು ಹಿಂದಿನ ಬೆಂಚಿನಲ್ಲೇ ಉಳಿದರು.

ಆಮೇಲೆ ದಿನವೂ ಫೋನು. “ಗುಳಿಗಿ ತಗೊಂಡ್ಯಾ? ಉಪ್ಪಿನಕಾಯಿ ಮುಟ್ಟೀಯಂದ್ರ ನೋಡು!” ಬಾಯಾರು ಯಾರೆಂದು ತಂದೆಯೇ ರೇಣುಕಾಗೆ ತಿಳಿಸಿದ್ದ. ಅವಳು ಫೋನಿನಲ್ಲಿ ಬಹಳ ಅತ್ತಳಂತೆ. “ಅಳಬ್ಯಾಡ, ಬಿ.ಪಿ. ಏರ್ತೈತಿ ಅಂದೆ” ಎಂದು ಬಾಯಾರು ನನಗೆ ಹೇಳಿದರು.

ನಾನು ಅವರನ್ನು ಕೊನೆಯದಾಗಿ ನೋಡಿದ್ದು ಈ ವರ್ಷದ ಶುಭ ಶುಕ್ರವಾರ ಮಧ್ಯಾಹ್ನ. ಆರಾಧನೆ ಮುಗಿದಿತ್ತು. ಬಿಸಿಲಿಗೆ ಇಡೀ ಬಸ್ ಸ್ಟ್ಯಾಂಡು ನೀರಿನೊಳಗಿದ್ದಂತೆ ನಡುಗುತ್ತಿತ್ತು. ಅವರ ಕೈಯಲ್ಲಿ ಹಳೆಯ ಸೀರೆಗಳ ಗಂಟು. ಹರಿದು ಕೂಸಿಗೆ ಹಾಸಲು.

“ರೇಣುಕಾಗ ಬ್ಯಾನಿ ಸುರು ಆಗ್ಯಾವಂತ. ದ್ರಾಕ್ಷಿರಸ ಸೋಸಿ ಫ್ರಿಜ್ಜಿನಾಗ ಇಟ್ಟೇನಿ. ಅಯ್ಯನೋರಿಗೆ ಹೇಳು.”

“ಬಾಯಾರ, ಅಂದ್ರ ಕ್ಷಮಿಸಿದಂಗ ಆತಲ್ರಿ?”

“ಅವನ ಮಾರಿ ನೋಡಿದ್ರ ಇನ್ನೂ ಎದಿ ಉರಿತೈತಿ, ಸುಳ್ಳ ಯಾಕ ಹೇಳ್ಲಿ? ಆದ್ರ ಆ ತಾಯಿಲ್ಲದ ಹುಡುಗೀ ಬಾಣಂತನ ಯಾರ ಮಾಡಬೇಕ? ನೀ ಮಾಡ್ತೀಯೇನ? ಸರಿ ಅತ್ತಾಗ, ಬಸ್ ಬಂತು.”

ಈಸ್ಟರ್ ಭಾನುವಾರ ಸಾಕ್ಷಿಯ ಹೊತ್ತಿಗೆ ಹಿಂದಿನ ಬೆಂಚು ಖಾಲಿ ಇತ್ತು. ಹಿಂದಿನ ದಿನವೇ ರೇಣುಕಾಗೆ ಹೆಣ್ಣು ಕೂಸು ಹುಟ್ಟಿದ ಸುದ್ದಿಯನ್ನು ಅಯ್ಯನವರು ಓದಿದರು.

ಕೆಲವು ದಿನಗಳ ನಂತರ ಅಯ್ಯನವರು ರೊಟ್ಟಿ, ದ್ರಾಕ್ಷಿರಸ ತೆಗೆದುಕೊಂಡು ಮುದ್ದೇಬಿಹಾಳಕ್ಕೆ ಹೋದರು. ಬಚ್ಚಲಲ್ಲಿ ಬಾಯಾರು ಕಾಲು ಚಾಚಿ ಕೂಸನ್ನು ಅದರ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದರು. ಬಿಸಿನೀರಿನ ಕೊಡ ಹಿಡಿದು ಹಣಮಂತ ಬಾಗಿಲ ಹೊರಗೆ ನಿಂತಿದ್ದ. ಅಯ್ಯನವರು ತಂದದ್ದನ್ನು ತೋರಿಸಿದರು, ಆಯಿತೇ ಎಂದು ಕೇಳಲಿಲ್ಲ. ಬಾಯಾರು ಅದನ್ನು ನೋಡಿ, “ಕೈ ಎಣ್ಣಿ ಆಗ್ಯಾವ್ರಿ. ಬಾಯಾಗ ಹಾಕ್ರಿ” ಎಂದರಂತೆ. ಅಯ್ಯನವರು ಹಾಕಿದರು.

ಬಾಣಂತನ ಇನ್ನೂ ಮುಗಿದಿಲ್ಲ. ಸುಶೀಲಾಬಾಯಿ ಮುದ್ದೇಬಿಹಾಳದಲ್ಲೇ ಇದ್ದಾರೆ. ಕೂಸಿನ ತೂಕ ಹೆಚ್ಚಿದೆ.